ದೂರದ ಕೇಂದ್ರ ನಡುಗಿದರೆ ರೇಡಿಯೋ ಬಿಚ್ಚಿಸಬೇಡಿ
(ಗೊರಗುಂಟೆಪಾಳ್ಯದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ದೀಪ ಹಚ್ಚುವ ವೇಳೆಗೆ ರೇಡಿಯೋ ಹಾಕುತ್ತೀರಿ. ಬೆಂಗಳೂರು ಆಕಾಶವಾಣಿ ಚೆನ್ನಾಗಿಯೇ ಕೇಳುತ್ತದೆ. ಶಾರ್ಟ್‌ವೇವ್‌ಗೆ ತಿರುಗಿಸಿ ದೂರದೇಶದ ಕೇಂದ್ರ ಹಿಡಿದರೆ ಮಾತು ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತದೆ. ಮರುದಿನ ಪೆಟ್ಟಿಗೆಯನ್ನು ರಿಪೇರಿಗೆ ಒಯ್ಯುತ್ತೀರಿ. ಬಿಚ್ಚಿ ಮುಚ್ಚಿದ ಮೇಲೆ ಹಗಲಿನಲ್ಲಿ ಸರಿಯಾಗಿ ಹಾಡುತ್ತದೆ. ದುಡ್ಡು ಕೊಟ್ಟು ಬರುತ್ತೀರಿ. ಸಂಜೆಗೆ ಮತ್ತೆ ಅದೇ ನಡುಕ! ದೋಷವಿರುವುದು ಪೆಟ್ಟಿಗೆಯಲ್ಲಲ್ಲ, ಆಕಾಶದಲ್ಲಿ.

ಹತ್ತಿರದ ಕೇಂದ್ರದ ಮೀಡಿಯಂವೇವ್ ಅಲೆ ನೆಲ ಹಿಡಿದು ಬರುತ್ತದೆ. ದೂರದ ಶಾರ್ಟ್‌ವೇವ್ ಅಲೆ ಹಾಗಲ್ಲ. ಅದು ಮೇಲೆ ಹೋಗಿ, ಸುಮಾರು 250ರಿಂದ 400 ಕಿಲೋಮೀಟರು ಎತ್ತರದಲ್ಲಿ ಅಯಾನುಗೋಳವೆಂಬ ವಿದ್ಯುತ್ ಪದರಕ್ಕೆ ತಗಲಿ, ಬಾಗಿ ಕೆಳಗಿಳಿಯುತ್ತದೆ. ಯಲಹಂಕದಾಚೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಆಕಾಶವಾಣಿಯವರು 1994ರಲ್ಲಿ ಹೂಡಿದ 500 ಕಿಲೋವಾಟಿನ ಪ್ರೇಷಕಗಳು ಹೊರದೇಶಗಳಿಗೆ ಮಾತು ಮುಟ್ಟಿಸಿದ್ದೂ ಇದೇ ದಾರಿಯಲ್ಲಿ.

ಸೂರ್ಯನ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಈ ಪದರ ಉಂಟಾಗುತ್ತದೆ. ಹೊತ್ತು ಮುಳುಗಿದೊಡನೆ ಅದರ ಕೆಳಭಾಗ ಬೇಗ ಕರಗುತ್ತದೆ, ಮೇಲುಭಾಗ ಉಳಿದು ಇನ್ನೂ ಮೇಲೇರುತ್ತದೆ. ದಟ್ಟವಾದದ್ದು ಮೇಲೆ, ತೆಳುವಾದದ್ದು ಕೆಳಗೆ! ತೆಳುವಾದದ್ದು ಸುಮ್ಮನಿದ್ದೀತೇ? ಮುದ್ದೆಯ ಎಸರಿನಲ್ಲಿ ತಳದಿಂದ ಗುಳ್ಳೆ ಏಳುವಂತೆ ಮೇಲಕ್ಕೆ ನುಗ್ಗಿ ಪದರವನ್ನು ಚಿಂದಿ ಮಾಡುತ್ತದೆ. ನಿಂತ ಕೆರೆಯಲ್ಲಿ ದುಂಡಗಿದ್ದ ಚಂದ್ರನ ಬಿಂಬ ಗಾಳಿ ಬೀಸಿದರೆ ಚೂರಾಗುವುದಿಲ್ಲವೇ? ರೇಡಿಯೋ ಅಲೆಯೂ ಹಾಗೆಯೇ ಚೂರಾಗಿ ಹಲವು ದಾರಿಯಲ್ಲಿ ಬರುತ್ತದೆ. ಚೂರುಗಳು ಒಂದು ಕ್ಷಣ ಕೂಡಿದರೆ ದನಿ ಏರುತ್ತದೆ, ಮರುಕ್ಷಣ ಒಂದನ್ನೊಂದು ಅಳಿಸಿದರೆ ಅಡಗುತ್ತದೆ.

ಪೆರು ದೇಶದ ಹುವಾಂಕಾಯೊದಲ್ಲಿ ಇದನ್ನು ಕಂಡು 1938ರಲ್ಲಿ ಬುಕರ್ ಮತ್ತು ವೆಲ್ಸ್ ಎಂಬವರು ವರದಿ ಮಾಡಿದರು. ದಿಕ್ಸೂಚಿಯ ಮುಳ್ಳು ಯಾವ ಕಡೆಗೂ ತಲೆ ತಗ್ಗಿಸದೆ ಮಟ್ಟವಾಗಿ ನಿಲ್ಲುವ ರೇಖೆಯೊಂದು ಭೂಮಿಯನ್ನು ಸುತ್ತಿದೆ. ಅದರ ಆಸುಪಾಸಿನಲ್ಲಿಯೇ ಗುಳ್ಳೆಗಳ ಕಾಟ ಹೆಚ್ಚು. ಆ ರೇಖೆ ಹುವಾಂಕಾಯೊ ಬಳಿ ಹಾದಂತೆ ನಮ್ಮ ತಿರುವನಂತಪುರದ ಬಳಿಯೂ ಹಾಯುತ್ತದೆ. 1963ರ ನವೆಂಬರ್ 21ರಂದು ತುಂಬಾದಿಂದ ರಾಕೆಟ್ ಹಾರಿಸಲು ಆ ಸ್ಥಳವನ್ನು ಆರಿಸಿದ್ದು ಇದೇ ಕಾರಣಕ್ಕೆ. ಗುಳ್ಳೆಗಳು ತೆಂಕಣದಿಂದ ಬಡಗಣಕ್ಕೆ ಉದ್ದಕ್ಕೆ ಚಾಚುವುದರಿಂದ ನಮ್ಮ ತಲೆಯ ಮೇಲೂ ಬರುತ್ತವೆ.

ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಸೂರ್ಯನ ಮೇಲೆ ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಈ ತೊಂದರೆ ಜಾಸ್ತಿ. ಸಾಮಾನ್ಯವಾಗಿ ನಡುರಾತ್ರಿಯ ಹೊತ್ತಿಗೆ ತಗ್ಗುತ್ತದೆ.

ಆದುದರಿಂದ ನಡುಕ ಕೇಳಿದೊಡನೆ ಬೆಂಗಳೂರು ಕೇಂದ್ರಕ್ಕೆ ತಿರುಗಿಸಿ ನೋಡಿ. ಅದು ಸ್ವಚ್ಛವಾಗಿದ್ದರೆ ಪೆಟ್ಟಿಗೆಯನ್ನು ಮುಟ್ಟಬೇಡಿ. ದೂರದ ಕೇಂದ್ರ ಬೇರೆ ಮೀಟರಿನಲ್ಲೂ ಇದ್ದರೆ ಅಲ್ಲಿ ಹುಡುಕಿ, ಇಲ್ಲವೇ ಬೆಳಿಗ್ಗೆ ಕೇಳಿ. ಹತ್ತಿರದ ಕೇಂದ್ರವೂ ಗೊರಗೊರ ಎಂದರೆ ಮೊದಲು ಸೆಲ್ಲು ಬದಲಿಸಿ, ಆಮೇಲೆ ರಿಪೇರಿ.