ತನ್ನನ್ನೇ ಬಾಯಿಪಾಠ ಮಾಡಿದ ಹುಡುಗಿ

ಇವತ್ತು ಒಂದು ಕಾದಂಬರಿಯ ಮಾತು. ಅಮೆರಿಕದ ಲೇಖಕಿ ಮೇರಿ ಪಿಯರ್ಸನ್ ಹದಿಹರೆಯದವರಿಗಾಗಿ ಬರೆದ ‘ದಿ ಅಡೊರೇಷನ್ ಆಫ್ ಜೆನ್ನಾ ಫಾಕ್ಸ್’, 2008ರಲ್ಲಿ ಬಂದದ್ದು.

ಭೀಕರ ಅಪಘಾತದ ನಂತರ ವರ್ಷಕ್ಕೂ ಹೆಚ್ಚು ಕಾಲ ಕೋಮಾದಲ್ಲಿದ್ದ 17ರ ಜೆನ್ನಾಗೆ ಎಚ್ಚರವಾಗುತ್ತದೆ. ತನ್ನ ಹೆಸರನ್ನೂ ಬೇರೆಯವರೇ ಹೇಳಬೇಕು. ಅಪ್ಪ ಅಮ್ಮ ಅವಳ ಮುಂದೆ ಹಳೆಯ ವಿಡಿಯೊಗಳನ್ನು ಇಡುತ್ತಾರೆ. ಹುಟ್ಟುಹಬ್ಬ, ನೃತ್ಯ, ನಗು, ಎಲ್ಲವೂ ಅವುಗಳಲ್ಲಿವೆ. ಪರೀಕ್ಷೆಗೆ ಓದುವವಳ ಹಾಗೆ ಜೆನ್ನಾ ಆ ಹುಡುಗಿಯನ್ನು ಕಲಿಯುತ್ತಾ ಹೋಗುತ್ತಾಳೆ.

ಒಂದು ದಿನ ಕೈಗೆ ಗಾಯವಾಗುತ್ತದೆ. ಚರ್ಮದ ಕೆಳಗೆ ಕಾಣುವುದು ನೀಲಿ ಜೆಲ್! ಅವಳ ಮಿದುಳಿನಲ್ಲಿ ಉಳಿದಿದ್ದುದು ಬರೀ ಶೇಕಡಾ 10. ಮಿಕ್ಕದ್ದೆಲ್ಲ ಅಪ್ಪನ ಪ್ರಯೋಗಾಲಯದ ಕೊಡುಗೆ. ಇಷ್ಟು ಕೃತಕ ಅಂಗ ಇರುವವಳು ಕಥೆಯ ಕಾಲದ ಕಾನೂನಿನ ಪ್ರಕಾರ ಇರಲೇಬಾರದವಳು.

ವಿಜ್ಞಾನ ಇಲ್ಲಿ ನೆಪ ಅಷ್ಟೇ. ನನ್ನನ್ನು ಕಾಡಿದ್ದು ಹೆತ್ತವರ ಪ್ರೀತಿಯೊಳಗಿನ ಹಟ. ಮಗಳು ಬದುಕಬೇಕು, ಅದೂ ಮೊದಲಿನಂತೆಯೇ, ವಿಡಿಯೊದಲ್ಲಿದ್ದಂತೆಯೇ. ಮಗುವಿನ ಒಂದೊಂದು ಹೆಜ್ಜೆಯನ್ನೂ ಫೋನಿನಲ್ಲಿ ತುಂಬಿಕೊಳ್ಳುವ ನಮಗೆ ಇದು ಅಷ್ಟೇನೂ ದೂರದ ಮಾತಲ್ಲ.

ಸುಳ್ಳು ಮುದ್ದು ಮಾಡದವಳು ಅಜ್ಜಿ ಲಿಲಿ ಒಬ್ಬಳೇ. ಮೊಮ್ಮಗಳನ್ನು ಹೋಗಲು ಬಿಡಬೇಕಿತ್ತು ಎಂದುಕೊಂಡವಳು ಅವಳು. ಆ ನಿಷ್ಠುರದಲ್ಲೇ ಜೆನ್ನಾಗೆ ಒಂದಿಷ್ಟು ನಿಜ ಸಿಗುತ್ತದೆ. ಕಥೆ ಕೊನೆಯಲ್ಲಿ ಶತಮಾನಗಳಾಚೆ ಜಿಗಿದದ್ದು ನನಗೆ ಅವಸರ ಎನಿಸಿತು. ಆ ಅಜ್ಜಿಯ ಜೊತೆ ಇನ್ನೂ ನಾಲ್ಕು ಪುಟ ಇರಬೇಕಿತ್ತು.