ಟ್ರಿಗರ್ ಒತ್ತುವ ಮೊದಲು ಕಣ್ಣು ಎಲ್ಲಿರಬೇಕು?

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಅಷ್ಟು ದೂರದಿಂದ ಆ ಚುಕ್ಕೆ ಕಾಣುವುದೇ ಇಲ್ಲ. ಶೂಟರ್‌ಗೆ ಕಾಣುವುದು ಅದರ ಸುತ್ತಲಿನ ಕಪ್ಪು ವೃತ್ತ. ಅದನ್ನು ರೈಫಲ್ಲಿನ ಮುಂದಿನ ಸೈಟಿನ ಉಂಗುರದ ನಟ್ಟನಡುವೆ ತಂದು ಟ್ರಿಗರ್ ಒತ್ತಬೇಕು. ಕೈ, ಹೆಗಲು, ಉಸಿರು ಇವಕ್ಕೆಲ್ಲ ಪಾಠ ಹಿಂದಿನಿಂದಲೂ ಇದೆ. ಕಣ್ಣಿಗೆ ಪಾಠ ಬಂದದ್ದು ತಡವಾಗಿ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1996ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಫ್ರೀ ಥ್ರೋ ಕುರಿತ ಅಧ್ಯಯನ ಪ್ರಕಟಿಸಿದರು. ಗುರಿ ತಪ್ಪದವರು ಕೈ ಎತ್ತುವ ಮುಂಚೆಯೇ ರಿಂಗಿನ ಮೇಲೆ ನೋಟ ನೆಟ್ಟು, ಉಳಿದವರಿಗಿಂತ ಹೆಚ್ಚು ಹೊತ್ತು ಅಲ್ಲೇ ಇಡುತ್ತಿದ್ದರು. ಈ ಕೊನೆಯ ಸ್ಥಿರ ನೋಟಕ್ಕೆ ‘ಕ್ವಯಟ್ ಐ’ ಎಂದು ಹೆಸರಾಯಿತು. ನೋಟ ಕನಿಷ್ಠ 100 ಮಿಲಿಸೆಕೆಂಡ್ ಒಂದೆಡೆ ನಿಂತರೆ ಮಾತ್ರ ಅದು ಲೆಕ್ಕಕ್ಕೆ. ರೈಫಲ್ ಶೂಟಿಂಗ್‌ನಲ್ಲಿಯೂ ನುರಿತವರ ನೋಟವೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಕಲಿಸುವ ಕ್ರಮ ಸರಳ. ಕಣ್ಣಿನ ಚಲನೆ ಹಿಡಿಯುವ ಕನ್ನಡಕ ತೊಡಿಸಿ ಕಲಿಯುವವರ ನೋಟವನ್ನು ದಾಖಲಿಸುತ್ತಾರೆ. ನುರಿತವರ ನೋಟದ ವಿಡಿಯೋವನ್ನು ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಎಲ್ಲಿ, ಯಾವಾಗ, ಎಷ್ಟು ಹೊತ್ತು ನೋಡಬೇಕೆಂದು ತಿದ್ದುತ್ತಾರೆ. ಬ್ರಿಟನ್ನಿನ ಎಕ್ಸೆಟರ್‌ನ ಸಂಶೋಧಕರು 2011ರಲ್ಲಿ ಹೀಗೆ ತರಬೇತಿ ಕೊಟ್ಟ ಗಾಲ್ಫ್ ಆಟಗಾರರಿಗೆ ಪ್ರತಿ ಸುತ್ತಿನಲ್ಲಿ ಸರಾಸರಿ 1.9 ಪಟ್ (ಚೆಂಡನ್ನು ಕುಳಿಗೆ ತಳ್ಳುವ ಹೊಡೆತ) ಉಳಿದವು. ಒತ್ತಡ ಬಿದ್ದಾಗಲೂ ಅವರ ನೋಟ ಚದುರಲಿಲ್ಲ. ನಿಜವಾದ ಲಾಭ ಅಲ್ಲಿದೆ.

ಹುಬ್ಬಳ್ಳಿಯ ಪ್ಯಾರಾ ಶೂಟರ್ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸಿನ ಶಾಟೊರೂ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದವರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರು. ಅವರದು ಎಸ್‌ಎಚ್‌2 ವರ್ಗ: ರೈಫಲ್ಲಿನ ಭಾರವನ್ನು ಕೈಯಿಂದ ಹೊರಲಾಗದವರದು. ಭಾರವನ್ನು ಸ್ಪ್ರಿಂಗ್ ಇರುವ ಸ್ಟ್ಯಾಂಡ್ ಹೊರುತ್ತದೆ. ಹಾಗೆಂದು ಕೆಲಸ ಹಗುರವಾಯಿತು ಎನ್ನಲಾಗದು. ಎಲ್ಲರ ಭಾರವೂ ಸ್ಟ್ಯಾಂಡಿನ ಮೇಲೇ ಇರುವಾಗ, ಗೆಲುವು ಸೋಲು ನೋಟ, ಉಸಿರು ಮತ್ತು ಬೆರಳಿನ ಹೊಂದಾಣಿಕೆಗೆ ಬಂದು ನಿಲ್ಲುತ್ತದೆ.

ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಇದನ್ನೆಲ್ಲ ಮನೆಯಲ್ಲೇ ಕಲಿಸೀತೇ? ಅರ್ಧ ಮಾತ್ರ. ಕೆಲವು ಹೆಡ್‌ಸೆಟ್‌ಗಳ ಒಳಗೇ ಕಣ್ಣನ್ನು ಹಿಂಬಾಲಿಸುವ ಕ್ಯಾಮೆರಾ ಇರುತ್ತದೆ. ಪ್ರೇಕ್ಷಕರ ಗದ್ದಲ, ಫೈನಲ್‌ನ ಗಡಿಬಿಡಿ ಎಲ್ಲವನ್ನೂ ಸೃಷ್ಟಿಸಬಹುದು. ನೋಟದ ಕ್ರಮ ಕಲಿಯಲು ಇಷ್ಟು ಸಾಕು. ಆದರೆ ಶೂಟರ್‌ನ ಕಣ್ಣು ಮುಂದಿನ ಸೈಟನ್ನು ಸ್ಪಷ್ಟವಾಗಿ ನೋಡಬೇಕು, ದೂರದ ಗುರಿ ತುಸು ಮಸುಕಾಗಿದ್ದರೂ ಸರಿ. ಸಾಮಾನ್ಯ ಹೆಡ್‌ಸೆಟ್‌ನಲ್ಲಿ ಹತ್ತಿರದ್ದು, ದೂರದ್ದು ಎರಡೂ ಒಂದೇ ಫೋಕಸ್ ದೂರದಲ್ಲಿರುತ್ತವೆ. ಕಣ್ಣಿನ ಮಸೂರಕ್ಕೆ ಅಲ್ಲಿ ಆಯ್ಕೆಯೇ ಇಲ್ಲ. ಶೂಟಿಂಗ್‌ನ ಮೂಲಪಾಠವೇ ತಪ್ಪಿಹೋಯಿತು! ಮೇಲಾಗಿ ಹೆಡ್‌ಸೆಟ್‌ನಲ್ಲಿ ದೂರ ಇದ್ದುದಕ್ಕಿಂತ ಕಡಿಮೆ ಅನ್ನಿಸುವುದುಂಟು, ಕೈಯಲ್ಲಿರುವ ಕಂಟ್ರೋಲರ್‌ಗೆ ರೈಫಲ್ಲಿನ ತೂಕವಿಲ್ಲ.

ಆದ್ದರಿಂದ ಗುಂಡಿಲ್ಲದ ಅಭ್ಯಾಸ, ಅಂದರೆ ಡ್ರೈ ಫೈರಿಂಗ್, ಇನ್ನೂ ತನ್ನ ಜಾಗ ಬಿಟ್ಟಿಲ್ಲ. ಖಾಲಿ ಗೋಡೆಯ ಮುಂದೆ ನಿಂತು, ಸೈಟಿನ ಮೇಲೆ ನೋಟವಿಟ್ಟು ಟ್ರಿಗರ್ ಒತ್ತಿ, ಒತ್ತಿದ ಮೇಲೂ ಒಂದು ಕ್ಷಣ ನೋಟ ಕದಲಿಸದಿರುವುದು ಅದರ ಕ್ರಮ. ಸ್ಕ್ಯಾಟ್‌ನಂಥ ಸಾಧನ ಇದ್ದರೆ ನಳಿಕೆಗೆ ಕಟ್ಟಿದ ಸೆನ್ಸರ್, ಗುರಿಯ ಸುತ್ತ ರೈಫಲ್ ಅಲುಗಾಡಿದ ದಾರಿಯನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುತ್ತದೆ. ನಳಿಕೆ ಎಲ್ಲಿತ್ತೆಂದು ಆ ಗೆರೆ ಹೇಳುತ್ತದೆ, ಕಣ್ಣು ಎಲ್ಲಿತ್ತೆಂದು ಹೇಳುವುದಿಲ್ಲ. ಅದಕ್ಕೆ ಟ್ರ್ಯಾಕರ್ ಕನ್ನಡಕ ಬೇರೆಯೇ ಬೇಕು.