ಒಳಾಲಂಕಾರವೂ ಒಳವಿನ್ಯಾಸವೂ



ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ನೆನಪಿಗೆ ಬರುವುದು ಸುಣ್ಣ. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಅಂಗಳಕ್ಕೆ ರಂಗವಲ್ಲಿ, ನಡುಮನೆಗೆ ಜಮಖಾನ. ಬಂದ ನೆಂಟರು "ಮನೆ ಎಷ್ಟು ಲಕ್ಷಣವಾಗಿದೆ!" ಎಂದು ಮೆಚ್ಚಿಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ, ಹಳೆಯ ಮಾದರಿಯ ಮನೆಯಾದರೆ, ಒಳಗೆ ಅಡುಗೆ ಮಾಡುತ್ತಿರುವಾಕೆ ಹೊಗೆಗೆ ಕಣ್ಣೊರಸಿಕೊಳ್ಳುತ್ತ, ಒಲೆಯಿಂದ ನೀರಿನ ಹಂಡೆಗೂ, ಹಂಡೆಯಿಂದ ಉಗ್ರಾಣಕ್ಕೂ, ಮತ್ತೆ ಒಲೆಗೂ ನಡೆಯುತ್ತಲೇ ಇರುತ್ತಾಳೆ. ಸುಣ್ಣ ಬಳಿದುದರಿಂದ ಆಕೆಯ ಹೆಜ್ಜೆಗಳಲ್ಲಿ ಒಂದಾದರೂ ಕಡಮೆಯಾಗಲಿಲ್ಲ. ತೋರಣ ಕಟ್ಟಿದುದರಿಂದ ಹೊಗೆಗೆ ಹೊಸ ದಾರಿ ದೊರೆಯಲಿಲ್ಲ.

ಅಲಂಕಾರಕ್ಕೂ ವಿನ್ಯಾಸಕ್ಕೂ ಇರುವ ಭೇದವೆಲ್ಲವೂ ಈ ಒಂದು ದೃಶ್ಯದಲ್ಲಿ ಅಡಗಿದೆ. ಅಲಂಕಾರಮಾಡುವವನು ಸಿದ್ಧವಾಗಿ ನಿಂತ ಕೋಣೆಯನ್ನು ಇದ್ದ ಹಾಗೆಯೇ ಅಂಗೀಕರಿಸುತ್ತಾನೆ. ಅದಕ್ಕೆ ಒಪ್ಪುವ ಬಣ್ಣ, ಪರದೆ, ಪೀಠೋಪಕರಣ, ಚಿತ್ರಪಟಗಳನ್ನು ಆರಿಸುತ್ತಾನೆ. ವಿನ್ಯಾಸಮಾಡುವವನಾದರೋ ಕೋಣೆಯನ್ನೇ ಪ್ರಶ್ನೆ ಕೇಳುತ್ತಾನೆ. ಬೆಳಕು ಎತ್ತಲಿಂದ ಬರಬೇಕು? ಗಾಳಿ ಎತ್ತ ಹೋಗಬೇಕು? ನೀರು ಎಲ್ಲಿ, ಬೆಂಕಿ ಎಲ್ಲಿ, ಅವೆರಡರ ನಡುವೆ ದೂರವೆಷ್ಟು? ಇಲ್ಲಿ ಯಾರು, ಎಷ್ಟು ಹೊತ್ತು, ನಿಂತೋ ಕುಳಿತೋ ಕೆಲಸಮಾಡುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಗೋಡೆ, ಬಾಗಿಲು, ಕಪಾಟುಗಳು ಎಲ್ಲಿರಬೇಕೆಂಬುದು ತೀರ್ಮಾನವಾಗತಕ್ಕದ್ದು.

ಇದಕ್ಕೆ ನಿದರ್ಶನವಾಗಿ ಜರ್ಮನಿ ದೇಶದ ಫ್ರಾಂಕ್‌ಫರ್ಟ್ ನಗರದ ಒಂದು ಅಡುಗೆಮನೆಯ ಕಥೆಯನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ವಾಸಕ್ಕೆ ಮನೆಗಳಿಲ್ಲದೆ ಜನರು ಬಹಳ ಕಷ್ಟಪಟ್ಟರು. 1925ರಲ್ಲಿ ಅರ್ನ್‌ಸ್ಟ್ ಮೇ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಆ ನಗರವು ಸಾಮಾನ್ಯ ಕುಟುಂಬಗಳಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸಲು ತೊಡಗಿತು. ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿದವರು ವಿಯೆನ್ನಾದ ಮಾರ್ಗರೆಟೆ ಶುಟೆ ಲಿಹೊಟ್ಸ್ಕಿ ಎಂಬ ಮಹಿಳೆ.

ಆಕೆ ಬಣ್ಣದಿಂದ ಆರಂಭಿಸಲಿಲ್ಲ, ಕೆಲಸದಿಂದ ಆರಂಭಿಸಿದರು. ಗೃಹಿಣಿಯ ಹೆಜ್ಜೆಗಳನ್ನು ಎಣಿಸಬೇಕೆಂದು ಬರೆದಿದ್ದ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಅವರ ವಿಚಾರಗಳು ಅವರಿಗೆ ಮಾರ್ಗದರ್ಶಕವಾದುವು. ಅಲ್ಪ ಸ್ಥಳದಲ್ಲಿ ಬಹುಜನರಿಗೆ ಊಟ ಸಿದ್ಧಪಡಿಸುವ ರೈಲ್ವೆ ಭೋಜನದ ಗಾಡಿಯ ಅಡುಗೆಮನೆಯನ್ನು ಅವರು ಮಾದರಿಯಾಗಿ ತೆಗೆದುಕೊಂಡರು. ಹೀಗೆ ಸಿದ್ಧವಾದ ಕೋಣೆಯ ಅಗಲ ಸುಮಾರು 1.9 ಮೀಟರು, ಉದ್ದ ಸುಮಾರು 3.4 ಮೀಟರು. ಕತ್ತರಿಸುವ ಮೇಜನ್ನು ಕಿಟಕಿಯ ಕೆಳಗಿಟ್ಟರು. ಕೈಯ ಮೇಲೆ ಹಗಲಿನ ಬೆಳಕು ಬೀಳಲೆಂಬುದು ಇದರ ಉದ್ದೇಶ. ಕುಳಿತು ಕೆಲಸಮಾಡಲು ತಿರುಗುವ ಪೀಠ. ತರಕಾರಿಯ ಸಿಪ್ಪೆಯನ್ನು ಮೇಜಿನಿಂದ ನೇರವಾಗಿ ತಳ್ಳಲು ಒಂದು ಸೆಳೆಖಾನೆ. ಬೇಕಾದೆಡೆಗೆ ಸರಿಸಿಕೊಳ್ಳಬಹುದಾದ ದೀಪ. ಬೇಡವಾದಾಗ ಗೋಡೆಗೆ ಮಡಿಸಿಡುವ ಇಸ್ತ್ರಿಯ ಹಲಗೆ. ಧಾನ್ಯಗಳಿಗೆ ಸಾಲಾಗಿ ಅಲ್ಯೂಮಿನಿಯಂ ಖಾನೆಗಳು. ಹಿಟ್ಟಿಗೆ ಮಾತ್ರ, ಹುಳು ಹಿಡಿಯದಿರಲೆಂದು, ಓಕ್ ಮರದ ಪೆಟ್ಟಿಗೆ. ಇಂತಹ ಸುಮಾರು 10,000 ಅಡುಗೆಮನೆಗಳು ಆ ನಗರದಲ್ಲಿ ನಿರ್ಮಾಣವಾದುವು.

ಹಾಗಾದರೆ ಅಲಂಕಾರಕ್ಕೆ ಇಲ್ಲಿ ಎಡೆಯೇ ಇಲ್ಲವೆ? ಇದೆ. ಆ ಕಪಾಟುಗಳಿಗೆ ಹಸಿರು ಬೆರೆತ ನೀಲಿಯ ಬಣ್ಣವನ್ನು ಹಚ್ಚಿದರು. ಅದು ಕಣ್ಣಿಗೆ ತಂಪು; ನೊಣಗಳು ಆ ಬಣ್ಣದ ಮೇಲೆ ಕೂರುವುದಿಲ್ಲವೆಂಬ ನಂಬಿಕೆಯೂ ಆಗ ಇತ್ತು. ಬಣ್ಣವು ಇಲ್ಲಿ ಒಡವೆಯಾಗಿ ಬರಲಿಲ್ಲ, ಕೆಲಸಗಾರನಾಗಿ ಬಂದಿತು. ಅಲಂಕಾರವನ್ನು ಹೀನವೆಂದೆಣಿಸುವುದು ನನ್ನ ಅಭಿಪ್ರಾಯವಲ್ಲ. ಅದು ಮನಸ್ಸಿಗೆ ಉಲ್ಲಾಸ ನೀಡುವ ಕಲೆ. ಆದರೆ ಅದು ಎರಡನೆಯದಾಗಿ ಬರತಕ್ಕ ಕಲೆ. ಮೊದಲನೆಯದರ ತಪ್ಪನ್ನು ಮುಚ್ಚಬಲ್ಲುದೇ ಹೊರತು ತಿದ್ದಲಾರದು.

ವಿನ್ಯಾಸವಾದರೂ ದೋಷರಹಿತವೆಂದು ಹೇಳುವಂತಿಲ್ಲ. ಫ್ರಾಂಕ್‌ಫರ್ಟಿನ ಅಡುಗೆಮನೆಯನ್ನು ಒಬ್ಬಳೇ ಕೆಲಸಮಾಡುವಳೆಂದು ಭಾವಿಸಿ ಅಳೆದಿದ್ದರು. ಎರಡನೆಯವರು ನೆರವಿಗೆ ಬಂದರೆ ನಿಲ್ಲಲು ಸ್ಥಳ ಸಾಲದು. ಹೆಜ್ಜೆಗಳನ್ನು ಉಳಿಸಿದ ಕೋಣೆಯೇ ಗೃಹಿಣಿಯನ್ನು ಮನೆಮಂದಿಯಿಂದ ಬೇರ್ಪಡಿಸಿ ಒಂಟಿಯಾಗಿಸಿತೆಂದು ಮುಂದಿನ ತಲೆಮಾರಿನವರು ಆಕ್ಷೇಪಿಸಿದರು. ವಿನ್ಯಾಸದ ಹೊಣೆ ಎಷ್ಟು ಭಾರವಾದುದೆಂಬುದು ಇದರಿಂದಲೇ ತಿಳಿಯುತ್ತದೆ. ಒಪ್ಪದ ಪರದೆಯನ್ನು ನಾಳೆ ಬೆಳಗ್ಗೆ ಬದಲಾಯಿಸಬಹುದು. ತಪ್ಪಿದ ಗೋಡೆಯೊಡನೆ ಮಾತ್ರ ಒಂದು ಜೀವಮಾನವೆಲ್ಲ ಬಾಳಬೇಕಾಗುತ್ತದೆ. ಹಾಗೆ ಬಾಳಬೇಕಾದವರು ಸಾಮಾನ್ಯವಾಗಿ ನಕ್ಷೆ ಬರೆಯುವಾಗ ಯಾರೂ ಅಭಿಪ್ರಾಯ ಕೇಳದಿದ್ದವರೇ. ಇಷ್ಟೆಲ್ಲ ಯೋಚಿಸಿದ ಆ ಮಹಿಳೆಯೇ, ಆ ಅಡುಗೆಮನೆಯನ್ನು ರೂಪಿಸುವುದಕ್ಕೆ ಮುಂಚೆ ತಾನು ಅಡುಗೆ ಮಾಡಿದವಳಲ್ಲವೆಂದು ಮುಂದೆ ಸಂಕೋಚವಿಲ್ಲದೆ ಒಪ್ಪಿಕೊಂಡರು.

ಆದಕಾರಣ, ಮನೆ ಕಟ್ಟಿಸುವ ಅಥವಾ ಹಳೆಯ ಮನೆಯನ್ನು ತಿದ್ದಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಬಣ್ಣದ ಅಂಗಡಿಗೆ ಹೋಗುವ ಮೊದಲು ಒಂದು ದಿನ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಿರಿ. ಯಾರು ಎಷ್ಟು ಸಲ ಬಗ್ಗುತ್ತಾರೆ, ಎಷ್ಟು ಸಲ ಕೈ ಚಾಚುತ್ತಾರೆ, ಕತ್ತಲೆಯಲ್ಲಿ ಏನನ್ನು ತಡಕುತ್ತಾರೆ ಎಂಬುದನ್ನು ಗುರುತುಹಾಕಿಕೊಳ್ಳಿರಿ. ಆ ಬಳಿಕ ಅವರನ್ನೇ ಕೇಳಿರಿ. ನೆಂಟರು ಮೆಚ್ಚುವ ಮನೆ ಒಂದು ದಿನದ ಮನೆ. ದುಡಿಯುವವರು ಮೆಚ್ಚುವ ಮನೆ ಎಲ್ಲ ದಿನಗಳ ಮನೆ. ಎರಡೂ ಒಂದೇ ಸೂರಿನಡಿ ಕೂಡಿಬಂದರೆ ಅದಕ್ಕಿಂತ ಭಾಗ್ಯವಿಲ್ಲ. ಒಂದನ್ನೇ ಆರಿಸಬೇಕಾಗಿ ಬಂದರೆ, ಮೊದಲು ಹೊಗೆಗೆ ದಾರಿಮಾಡಿಕೊಡಿರಿ, ತೋರಣವನ್ನು ಆಮೇಲೆ ಕಟ್ಟಿರಿ.